ಬಿಳಿ ಛತ್ರಿಯ ಮದುಮಗ

ಕಿಂಗ್ಸ್‌ಬರಿ
೯ ಫೆಬ್ರವರಿ ೨೦೨೫

ಪ್ರಿಯ ಮೀರಾ,

ಹರಿಯಬೇಡ. ಮೊದಲು ಓದು, ಆಮೇಲೆ ಬೇಕಾದರೆ ಚೂರು ಮಾಡಿ ರೀಸೈಕ್ಲಿಂಗ್ ಡಬ್ಬಿಗೆ ಹಾಕು.

ನನ್ನ ಮಗ ಋಷಿಯ ನಿಶ್ಚಿತಾರ್ಥದ ದಿನ ಊಟಕ್ಕೂ ಕೂರದೆ ನಮ್ಮ ಮನೆಯಿಂದ ಎದ್ದುಹೋದವಳು ನೀನು, ಇವತ್ತಿನವರೆಗೂ ನನ್ನ ಫೋನ್ ಎತ್ತಿಲ್ಲ. ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ ಅಂತ ಋಷಿಯೇ ಪತ್ತೆ ಹಚ್ಚಿ ಹೇಳಿದ. ಸರಿ ಕಣೇ, ಅಂಚೆಯವನನ್ನು ಬ್ಲಾಕ್ ಮಾಡು ನೋಡೋಣ. ಕಿಂಗ್ಸ್‌ಬರಿಯಿಂದ ಹೇಸ್‌ಗೆ ಕನ್ನಡದಲ್ಲಿ ಕಾಗದ ಬರೆಯುವ ಹುಚ್ಚಿ ಇಡೀ ಲಂಡನ್ನಿನಲ್ಲಿ ನಾನೊಬ್ಬಳೇ ಇರಬೇಕು.

ಈಗ ವಿಷಯಕ್ಕೆ ಬರುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕಾಗುತ್ತಿಲ್ಲ. ನಾನೊಂದು ಚಿತ್ರ ಕೊಂಡಿದ್ದೇನೆ!

ಮದುವೆಯ ಹಾಲ್ ನೋಡಲು ಅಕ್ಸ್‌ಬ್ರಿಡ್ಜ್‌ಗೆ ಹೋಗಿದ್ದೆವು. ವಾಪಸು ಬರುವಾಗ ಮಳೆ ಬಂತು ಅಂತ ಒಂದು ಹಳೇ ಸಾಮಾನಿನ ಚಾರಿಟಿ ಅಂಗಡಿಯೊಳಗೆ ನುಗ್ಗಿದೆವು. ಒಳಗೆ ಕಾಲು ಮುರಿದ ಕುರ್ಚಿಗಳ ಹಿಂದೆ ಇದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ತಿರುಗಿಸಿ ನೋಡಿದೆ. ಮೀರಾ, ನನ್ನ ಮೈ ಜುಂ ಅಂತು. ಮಸಿ ಹಿಡಿದು ಅರ್ಧ ಕಪ್ಪಾಗಿದೆ, ಆದರೂ ಕಾಣುತ್ತೆ. ಕಿರಿದಾದ ಬೀದಿ, ಸುಣ್ಣ ಬಳಿದ ಮನೆಗಳು, ಸುಡುವ ಬಿಸಿಲು. ನಡುವೆ ದೊಡ್ಡ ಬಿಳಿ ಛತ್ರಿ. ಛತ್ರಿಯ ಕೆಳಗೆ ಜರಿ ಶಾಲು ಹೊದ್ದ ಗಂಡು! ಮುಂದೆ ಒಬ್ಬ ಕೆಂಪಂಗಿಯವನು ಗಂಟೆ ಬಾರಿಸುತ್ತ ನಡೆದಿದ್ದಾನೆ, ಅಕ್ಕಪಕ್ಕ ದೀಪ ಹಿಡಿದವರು, ಹಿಂದೆ ನೆಂಟರ ಹಿಂಡು. ನಮ್ಮ ಕಾಶೀಯಾತ್ರೆಯೇ ಕಣೇ! ಕೋಲೊಂದು ಕೈಲಿಲ್ಲ ಅಷ್ಟೆ. ಹಿಂಬದಿಯಲ್ಲಿ ಸೆವಿಲ್ಲಾ ಅಂತ ಊರ ಹೆಸರು, ಸಾವಿರದ ಎಂಟುನೂರ ಎಪ್ಪತ್ತು ಚಿಲ್ಲರೆಯ ಇಸವಿ. ಬರೆದವನ ಹೆಸರು ಮಾತ್ರ ಅಳಿಸಿಹೋಗಿದೆ. ಸ್ಪೇನಿನ ಜನಕ್ಕೂ ಗಂಡು ಮುನಿಸಿಕೊಂಡು ಹೊರಡುವ ಶಾಸ್ತ್ರ ಇತ್ತು ಅಂತ ನಿನಗೆ ಗೊತ್ತಿತ್ತೇನೇ?

ಮನೆಗೆ ತಂದಾಗ ನಮ್ಮೆಜಮಾನರು, "ಗ್ಯಾರೇಜಲ್ಲಿ ನನಗೇ ಜಾಗ ಇಲ್ಲ, ಇದನ್ನ ಎಲ್ಲಿ ಇಡ್ತೀಯ?" ಅಂದರು. ನಮ್ಮತ್ತೆ ಮಾತ್ರ ಕುರ್ಚಿಯಲ್ಲಿ ಕೂತೇ ಚಿತ್ರವನ್ನು ಹತ್ತಿರ ತರಿಸಿಕೊಂಡು, "ಗಂಡು ಲಕ್ಷಣವಾಗಿದಾನೆ" ಅಂತ ಸರ್ಟಿಫಿಕೇಟ್ ಕೊಟ್ಟರು.

ಮದುವೆ ಮೇ ತಿಂಗಳ ಕೊನೆಯ ಶನಿವಾರ. ನನ್ನ ನೈಟ್ ಡ್ಯೂಟಿಗಳಲ್ಲೆಲ್ಲ ಋಷಿಯನ್ನು ಮಲಗಿಸಿದವಳು ನೀನು, ಅವನಿಗೆ ಮೊದಲ ರೊಟ್ಟಿ ತಿನ್ನಿಸಿದವಳು ನೀನು. ನೀನಿಲ್ಲದೆ ಅವನು ಹಸೆ ಏರಲ್ಲ ಅಂತಾನೆ. ನನಗೂ ಆಗಲ್ಲ. ಚಿತ್ರದ ಫೋಟೋ ಇಟ್ಟಿದ್ದೇನೆ, ನೋಡು.

ನಿನ್ನ
ಕಾಮಾಕ್ಷಿ


ಹೇಸ್
೨೩ ಫೆಬ್ರವರಿ ೨೦೨೫

ಕಾಮಾಕ್ಷಿಗೆ,

ಹರಿಯಲಿಲ್ಲ. ಮದುವೆಗೆ ಬರುವುದಿಲ್ಲ. ಯಾಕೆಂದು ನಿನಗೆ ಗೊತ್ತು, ಗೊತ್ತಿಲ್ಲದವಳ ಹಾಗೆ ನಟಿಸಬೇಡ. ಋಷಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ಇಷ್ಟಕ್ಕೇ ನಿಲ್ಲಿಸಬೇಕು ಅಂತ ಕೂತವಳು. ಆದರೆ ನಿನ್ನ ಫೋಟೋ ಮೇಜಿನ ಮೇಲೆ ಬಿದ್ದುಕೊಂಡು ಚಹಾ ಕುಡಿಯಲು ಬಿಡುತ್ತಿಲ್ಲ. ಅದು ಮದುವೆಯಾದರೆ ಹೆಣ್ಣೆಲ್ಲಿ? ಇಷ್ಟು ಜನರಲ್ಲಿ ಒಬ್ಬರಾದರೂ ನಗುತ್ತಿದ್ದಾರೆಯೇ? ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ದೀಪ ಯಾಕೆ ಹಿಡಿದಿದ್ದಾರೆ? ನಿನ್ನ ಲಕ್ಷಣವಾದ ಗಂಡಿನ ನೆತ್ತಿ ಬೋಳಾಗಿದೆ, ಕನ್ನಡಕ ಹಾಕಿಕೊಂಡು ನೋಡು. ಎಲ್ಲಕ್ಕಿಂತ ನನ್ನನ್ನು ಕಾಡುತ್ತಿರುವುದು ಅವನ ಕೈ. ಎರಡೂ ಕೈ ಎದೆಯ ಮೇಲೆ ಶಾಲಿನೊಳಗೆ ಮುಚ್ಚಿಕೊಂಡಿವೆ. ಅಲ್ಲಿ ಏನೋ ಇದೆ.

ಇದನ್ನೆಲ್ಲ ಎಲ್ಲೋ ನೋಡಿದ್ದೇನೆ, ನೆನಪಾಗುತ್ತಿಲ್ಲ. ಮಸಿ ತೊಳೆಸು. ಡೆಟಾಲ್ ಹಾಕಿ ನೀನೇ ಉಜ್ಜಲು ಕೂರಬೇಡ, ಗೊತ್ತಿದ್ದವರ ಕೈಗೆ ಕೊಡು.

ಮೀರಾ


ಕಿಂಗ್ಸ್‌ಬರಿ
೧೬ ಮಾರ್ಚ್ ೨೦೨೫

ಪ್ರಿಯ ಮೀರಾ,

ನೀನು ಕಾಗದ ಬರೆದೆ! ಬೈದು ಬರೆದರೇನು, ಬರೆದೆಯಲ್ಲ. ನಮ್ಮೆಜಮಾನರಿಗೆ ಜೋರಾಗಿ ಓದಿ ಹೇಳಿದೆ. ಡೆಟಾಲ್ ಅಂದಾಗ ಅವರು ನಕ್ಕ ರೀತಿ ನೋಡಬೇಕಿತ್ತು. ನಿಜ ಹೇಳ್ತೀನಿ, ಬಾಟಲಿ ತೆಗೆದಿಟ್ಟಿದ್ದೆ.

ತೊಳೆಯೋಕೆ ಒಬ್ಬ ಹುಡುಗಿ ಸಿಕ್ಕಿದಳು, ಕ್ಲೇರ್ ಅಂತ, ಇದನ್ನೇ ಓದಿಕೊಂಡವಳು. ಹೇಗೆ ತೊಳೆಯುತ್ತಾಳೆ ಗೊತ್ತಾ? ಹತ್ತಿ ಸುತ್ತಿದ ಕಡ್ಡಿಯನ್ನು ಬಾಯಲ್ಲಿ ಇಟ್ಟುಕೊಂಡು, ಎಂಜಲು ಮಾಡಿ, ಅದರಲ್ಲಿ ತಿಕ್ಕುತ್ತಾಳೆ. ಎಂಜಲು ಮೀರಾ! ಅದರಲ್ಲಿ ಕೊಳೆ ಬಿಡಿಸೋ ಗುಣ ಇದೆಯಂತೆ, ಎಷ್ಟೋ ಕಡೆ ಹೀಗೇ ಮಾಡ್ತಾರಂತೆ. ಮಡಿ ಮಡಿ ಅಂತ ಸಾಯುವ ನಮ್ಮತ್ತೆಗೆ ಇನ್ನೂ ಹೇಳಿಲ್ಲ, ಹೇಳಿದರೆ ಚಿತ್ರಕ್ಕೆ ಸ್ನಾನ ಮಾಡಿಸಿ ಅಂತಾರೆ.

ನಾನು ಅವಳ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಬಲಗಡೆಯ ಕಪ್ಪು ಕರಗುತ್ತಾ ಕರಗುತ್ತಾ ಮೊದಲು ಒಂದು ಕುದುರೆಯ ಮೂಗು ಬಂತು. ಆಮೇಲೆ ಇನ್ನೊಂದು ಕುದುರೆ. ಆಮೇಲೆ ಗಾಡಿ! ಎಂಥ ಗಾಡಿ ಅಂತೀಯ, ಚಿನ್ನದ ಗೆರೆ ಎಳೆದ ಬಾಗಿಲು, ಒಳಗೆ ಕೆಂಪು ಮಖಮಲ್ಲು. ಬಾಗಿಲು ತೆರೆದಿದೆ. ಒಬ್ಬ ಶ್ರೀಮಂತ ಕೆಳಗಿಳಿದು, ಟೋಪಿ ತೆಗೆದು, ಒಳಗಿನ ಸೀಟಿನ ಕಡೆ ಕೈ ತೋರಿಸುತ್ತಿದ್ದಾನೆ. ಅವನ ಹೆಂಡತಿ ನೀಲಿ ರೇಷ್ಮೆ ಉಟ್ಟು ಬೀದಿಯ ಮೋರಿ ಪಕ್ಕದ ಕೆಸರಿನಲ್ಲಿ ಮಂಡಿಯೂರಿದ್ದಾಳೆ. ರೇಷ್ಮೆ ಕಣೇ, ಕೆಸರಿನಲ್ಲಿ! ನಾನೂ ಕ್ಲೇರೂ ಇಬ್ಬರೂ ಎದ್ದು ನಿಂತು ಕುಣಿದೆವು.

ಅಲ್ಲಿಗೆ ನಿನ್ನ ಪ್ರಶ್ನೆಗಳೆಲ್ಲ ಬಗೆಹರಿದವು. ಅವರು ಹೆಣ್ಣಿನ ಅಪ್ಪ ಅಮ್ಮ. ಮುನಿದು ಹೊರಟ ಗಂಡನ್ನು ಗಾಡಿ ತಂದು ಕರೆಯುತ್ತಿದ್ದಾರೆ. ಅಮ್ಮ ಕೂತಿರುವುದು ಗಂಡಿನ ಕಾಲು ತೊಳೆಯಲು. ಹೆಣ್ಣು ಮಂಟಪದಲ್ಲಿ ಕಾಯುತ್ತಿದ್ದಾಳೆ. ಬೋಳು ತಲೆಗೆ ಏನು ಹೇಳಲಿ, ಎರಡನೇ ಸಂಬಂಧ ಇರಬೇಕು. ಕೈ ಒಂದು ಮಾತ್ರ ನನಗೂ ತಿಳಿಯಲಿಲ್ಲ.

ಒಂದು ಗುಟ್ಟು ಮಾಡಿದ್ದೇನೆ. ಹೇಳಲ್ಲ. ಅಂಚೆಯಲ್ಲಿ ನಿನ್ನ ಬಾಗಿಲಿಗೇ ಬರುತ್ತೆ, ನೋಡಿ ಬೆರಗಾಗು.

ನಿನ್ನ
ಕಾಮಾಕ್ಷಿ


ಹೇಸ್
೬ ಏಪ್ರಿಲ್ ೨೦೨೫

ಕಾಮೂ,

ಲಗ್ನಪತ್ರಿಕೆ ಬಂತು. ಕವರ್ ಒಡೆದೆ. ಮೇಲೆ ಶ್ರೀ ಗಣೇಶಾಯ ನಮಃ, ಸುತ್ತ ಬಂಗಾರದ ಬಳ್ಳಿ, ನಟ್ಟನಡುವೆ ಆ ಚಿತ್ರ, ತೊಳೆದು ಹೊಳೆಯುತ್ತಿರುವ ಚಿತ್ರ. ನೋಡಿದವಳು ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಕೂತೆ. ಆಮೇಲೆ ನಗು ಶುರುವಾಯಿತು ನೋಡು, ನಿಲ್ಲಲೇ ಇಲ್ಲ. ಪಕ್ಕದ ಮನೆಯ ಪಂಜಾಬಿ ಅಜ್ಜಿ ಗೋಡೆ ಬಡಿದು ಹುಷಾರಿದ್ದೀಯಾ ಅಂತ ಕೇಳಿದಳು. ನಮ್ಮನೆಯವರು, ಸತ್ಯಪ್ರಕಾಶ, ಹೋದಮೇಲೆ ಈ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ನಿನ್ನ ಮದುಮಗ ಮದುಮಗನಲ್ಲ ಕಾಮೂ. ಅವನು ಪಾದ್ರಿ. ಮೆರವಣಿಗೆ ಹೊರಟಿರುವುದು ಸಾಯುತ್ತಿರುವವರೊಬ್ಬರ ಮನೆಗೆ.

ನೆನಪಾಯಿತು. ನಾನು ನಿವೃತ್ತಿಯಾಗುವ ಮುಂಚಿನ ಚಳಿಗಾಲ ನನ್ನ ವಾರ್ಡಿನಲ್ಲಿ ಪಿಲಾರ್ ಅಂತ ಒಬ್ಬ ಮುದುಕಿ ಇದ್ದಳು. ಸೆವಿಲ್ಲಾ ಕಡೆಯ ಹಳ್ಳಿಯವಳು, ಹೀಥ್ರೂ ಹತ್ತಿರ ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ದುಡಿದವಳು. ಇನ್ನೇನು ಮುಗಿಯುತ್ತ ಬಂದಿತ್ತು. ನನ್ನ ವಾರ್ಡು ಅಂಥದ್ದೇ, ನಿನಗೆ ಗೊತ್ತು, ಅಲ್ಲಿಂದ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಆಸ್ಪತ್ರೆಯ ಪಾದ್ರಿ ಪುಟ್ಟ ಡಬ್ಬಿಯಲ್ಲಿ ಅವರ ಪರಮಪ್ರಸಾದ ತಂದರೆ ಮುದುಕಿ ಮುಖ ತಿರುಗಿಸಿದಳು. ಛತ್ರಿ ಎಲ್ಲಿ, ಗಂಟೆ ಎಲ್ಲಿ ಅಂತ ಒಂದೇ ಹಟ. ನನ್ನ ಜೊತೆಯ ನರ್ಸುಗಳು ಭ್ರಮೆ ಅಂದರು. ನಾನು ಹತ್ತಿರ ಕೂತು ಕೇಳಿದೆ.

ಅವಳ ಅಜ್ಜಿಯ ಊರಿನಲ್ಲಿ ಯಾರಾದರೂ ಕೊನೆಯುಸಿರಿನಲ್ಲಿದ್ದರೆ ಪಾದ್ರಿ ಪ್ರಸಾದವನ್ನು ಎದೆಗವಚಿಕೊಂಡು ಬೀದಿಯಲ್ಲಿ ನಡೆದು ಹೋಗುತ್ತಿದ್ದನಂತೆ. ಬರಿಗೈಯಲ್ಲಿ ಮುಟ್ಟಬಾರದು, ಅದಕ್ಕೇ ಹೆಗಲ ಶಾಲಿನ ಸೆರಗಿನಿಂದ ಕೈ ಮುಚ್ಚಿಕೊಳ್ಳುವುದು. ಮೇಲೆ ಬಿಳಿ ಛತ್ರಿ, ಬಿಸಿಲಿದ್ದರೂ ದೀಪ, ಮುಂದೆ ಗಂಟೆ. ಗಂಟೆ ಕೇಳಿದವರು ಇದ್ದಲ್ಲೇ ಮಂಡಿಯೂರಬೇಕು, ಕೆಸರಾಗಲಿ ಧೂಳಾಗಲಿ. ಗಾಡಿಯಲ್ಲಿ ಹೊರಟವರು, ಸಾಕ್ಷಾತ್ ರಾಜನೇ ಇರಲಿ, ಇಳಿದು ಗಾಡಿಯನ್ನು ಪಾದ್ರಿಗೆ ಬಿಟ್ಟುಕೊಟ್ಟು ತಾವು ಹಿಂದೆ ನಡೆದು ಹೋಗಬೇಕು. ಆ ಪ್ರಸಾದಕ್ಕೆ ಅವರು ಇಟ್ಟ ಹೆಸರಿನ ಅರ್ಥ ದಾರಿಯ ಬುತ್ತಿ ಅಂತ. ಎಷ್ಟು ಚಂದ ಅನ್ನಿಸಿತು ನನಗೆ. ಲಾಕರಿಗೆ ಓಡಿ ನನ್ನ ಮಡಚುವ ಛತ್ರಿ ತಂದು, ಪಾದ್ರಿಯ ತಲೆಯ ಮೇಲೆ ಬಿಡಿಸಿ ಹಿಡಿದೆ. ನೇರಳೆ ಹೂವಿನ ಛತ್ರಿ, ವಾರ್ಡಿನೊಳಗೆ! ಪಾದ್ರಿಗೆ ನಗು, ನನಗೆ ಅಳು. ಪಿಲಾರ್ ಬಾಯಿ ತೆರೆದಳು.

ನೆನಪನ್ನು ನಂಬದೆ ನಿನ್ನೆ ಎಲಿಜಬೆತ್ ಲೈನ್ ರೈಲು ಹಿಡಿದು ಊರೊಳಗೆ ಹೋಗಿ ಪುಸ್ತಕದಂಗಡಿಯೊಂದರಲ್ಲಿ ಆ ಕಾಲದ ಸ್ಪೇನಿನ ಚಿತ್ರಗಳ ದಪ್ಪ ಪುಸ್ತಕ ತಿರುವಿದೆ. ಏನೆಲ್ಲ ಬರೆದಿದ್ದಾರೆ ಆ ಜನ! ಮಕ್ಕಳ ನಾಮಕರಣ, ಪವಿತ್ರ ವಾರದಲ್ಲಿ ಮುಸುಕು ಹಾಕಿ ಹೊರಟವರು, ಹರಕೆ ಹೊತ್ತು ಎತ್ತಿನ ಗಾಡಿಯಲ್ಲಿ ಹಾಡುತ್ತ ಹೋಗುವ ಹೆಂಗಸರು. ದೇವರ ಕೆಲಸವೆಲ್ಲ ಬೀದಿಯಲ್ಲೇ, ನಮ್ಮ ಹಾಗೆಯೇ. ಪುಟ ತಿರುಗಿಸುತ್ತ ಹೋದಂತೆ ಇದೂ ಬಂತು. ಬೇರೆ ಚಿತ್ರಕಾರ, ಬೇರೆ ಬೀದಿ, ಆದರೆ ಅದೇ ಛತ್ರಿ, ಅದೇ ಗಂಟೆ, ಅದೇ ಮುಚ್ಚಿದ ಕೈ. "ಸಿಕ್ತು!" ಅಂತ ಅಂಗಡಿಯ ನಡುವೆ ಕೂಗಿಬಿಟ್ಟೆ. ಜನ ತಿರುಗಿ ನೋಡಿದರು.

ನಿನ್ನ ಚಿತ್ರದ ಎಡಗಡೆ ಮೇಲ್ಮಹಡಿಯ ಕಿಟಕಿ ನೋಡು. ಅರ್ಧ ತೆರೆದಿದೆ, ಒಬ್ಬ ಹೆಂಗಸು ಬೀದಿಯ ತಿರುವನ್ನೇ ನೋಡುತ್ತಿದ್ದಾಳೆ. ಆ ಮನೆಗೇ ಅವರು ಹೊರಟಿರುವುದು. ಅಂಥ ಮುಖವನ್ನು ನನ್ನ ವಾರ್ಡಿನ ಬಾಗಿಲಲ್ಲಿ ದಿನಾ ನೋಡಿದ್ದೇನೆ. ಆಮೇಲೆ ನನ್ನದೇ ಕನ್ನಡಿಯಲ್ಲೂ.

ಇಷ್ಟು ಬರೆದಮೇಲೆ ಉಳಿದದ್ದನ್ನೂ ಬರೆದುಬಿಡುತ್ತೇನೆ. ನಿಶ್ಚಿತಾರ್ಥದ ದಿನ ಕುಂಕುಮದ ತಟ್ಟೆ ನಿನ್ನ ಕೈಯಲ್ಲಿತ್ತು. ನೀನು ನನ್ನ ಮುಂದೆ ಬಂದು ನಿಂತೆ. ನಿಮ್ಮತ್ತೆ ಕುರ್ಚಿಯಿಂದ, "ಅವಳಿಗೆ ಬೇಡಮ್ಮ, ಮುಂದೆ ಹೋಗು" ಅಂದರು. ನೀನು ಮುಂದೆ ಹೋದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಗಂಡ ಹೋದಾಗಿನಿಂದ ತಮ್ಮ ಹಣೆಗೂ ಅದನ್ನೇ ಹೇಳಿಕೊಂಡು ಬದುಕಿದವರು. ಆದರೆ ನೀನು, ನನ್ನ ಜೊತೆ ಒಂದೇ ಬಾಡಿಗೆ ಮನೆಯಲ್ಲಿ, ಒಂದೇ ಸ್ಟೋವಿನಲ್ಲಿ ಅಡುಗೆ ಮಾಡಿದವಳು, ನನ್ನ ಮುಖವನ್ನೂ ನೋಡದೆ ಮುಂದೆ ಹೋದೆ. ಶುಭಕಾರ್ಯಕ್ಕೆ ನಾನು ಆಗುವುದಿಲ್ಲ ಅಂದಮೇಲೆ ಮದುವೆಗೆ ಹೇಗೆ ಕರೆಯುತ್ತೀಯ?

ಮೀರಾ


ಕಿಂಗ್ಸ್‌ಬರಿ
೧೧ ಏಪ್ರಿಲ್ ೨೦೨೫

ಮೀರಾ,

ಅಯ್ಯೋ ಅಯ್ಯೋ ಅಯ್ಯೋ!

ಮುಕ್ಕಾಲು ಪತ್ರಿಕೆಗಳು ಹೋಗಿಬಿಟ್ಟಿವೆ ಕಣೇ. ಮೈಸೂರಿಗೆ ಹೋಗಿವೆ, ಬೆಂಗಳೂರಿಗೆ ಹೋಗಿವೆ, ಲಂಡನ್ನಿನ ಇಡೀ ಕನ್ನಡ ಬಳಗಕ್ಕೆ ಹೋಗಿವೆ. ಎಲ್ಲರೂ ಎಷ್ಟು ಚೆನ್ನಾಗಿದೆ, ಎಷ್ಟು ಹೊಸದಾಗಿದೆ ಅಂತ ಫೋನ್ ಮಾಡುತ್ತಿದ್ದಾರೆ. ಹೆಣ್ಣಿನ ತಂದೆ ವಿನಾಯಕ ಅವರಂತೂ ಅದಕ್ಕೆ ಕಟ್ಟು ಹಾಕಿಸಿ ದೇವರ ಮನೆಯಲ್ಲಿ ಇಟ್ಟಿದ್ದಾರಂತೆ! ದಿನಾ ಬೆಳಿಗ್ಗೆ ಆ ಪಾದ್ರಿಗೆ ಊದುಬತ್ತಿ ಬೆಳಗುತ್ತಿದ್ದಾರೆ ಆ ಮಹಾನುಭಾವರು. ನಾನು ಯಾವ ಬಾಯಲ್ಲಿ ಹೇಳಲಿ?

ಮದುವೆಯ ಹಾಲ್‌ನಲ್ಲಿ ಮಂಟಪದ ಹಿಂದೆ ಹಾಕಲು ಗೋಡೆಯಷ್ಟು ದೊಡ್ಡದಾಗಿ ಪ್ರಿಂಟ್ ಮಾಡಿಸಲು ಕೊಟ್ಟಿದ್ದೆ. ಓಡಿಹೋಗಿ ನಿಲ್ಲಿಸಿದೆ. ಉಳಿದ ಪತ್ರಿಕೆಗಳ ಮೇಲೆ ಗಣಪತಿ ಸ್ಟಿಕ್ಕರ್ ಅಂಟಿಸಲು ಕೂತೆ. ಛತ್ರಿಯ ಕೆಳಗೆ ಪಾದ್ರಿಯ ಮೇಲೆ ಗಣಪತಿ ಕೂತರೆ ಹೇಗಿರುತ್ತೆ ಊಹಿಸಿಕೋ. ಮೆರವಣಿಗೆಗೆ ಮೆರವಣಿಗೆಯೂ ಆಯಿತು, ಹಬ್ಬಕ್ಕೆ ಹಬ್ಬವೂ ಆಯಿತು.

ನಮ್ಮ ಸೊಸೆಯಾಗುವವಳು, ಶರಣ್ಯಾ, ಎಮರ್ಜೆನ್ಸಿ ವಾರ್ಡಿನಲ್ಲಿ ಡಾಕ್ಟರು, ಅವಳಿಗೆ ಹೇಳಿದೆ. ಹೊಟ್ಟೆ ಹಿಡಿದು ನಕ್ಕಳು. ನಕ್ಕು ಮುಗಿಸಿ, "ಆಂಟಿ, ಆಂಬುಲೆನ್ಸ್ ಬಂದ್ರೆ ಎಲ್ರೂ ಕಾರ್ ಪಕ್ಕಕ್ಕೆ ಹಾಕಲ್ವಾ? ಇದೂ ಅದೇ ಅಲ್ವಾ? ಇದ್ರಲ್ಲಿ ಅಶುಭ ಏನಿದೆ?" ಅಂದಳು. ಸ್ಟಿಕ್ಕರ್ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋದಳು.

ಅವಳು ಹೋದಮೇಲೆ ಚಿತ್ರದ ಮುಂದೆ ಕೂತೆ. ಆ ನೀಲಿ ರೇಷ್ಮೆಯವಳನ್ನೇ ನೋಡುತ್ತಾ ಇದ್ದೆ. ಎಲ್ಲಿಗೆ ಹೊರಟಿದ್ದಳೋ, ಯಾವ ಮದುವೆಗೋ. ಗಂಟೆ ಕೇಳಿದ ತಕ್ಷಣ ಇಳಿದಿದ್ದಾಳೆ.

ನಿನ್ನ ಪತ್ರದ ಕೊನೆಯ ಭಾಗ ಓದಿದೆ. ಇನ್ನೂ ಓದುತ್ತಿದ್ದೇನೆ.

ಕಾಮಾಕ್ಷಿ


ಹೇಸ್
೪ ಮೇ ೨೦೨೫

ಕಾಮೂ,

ಆ ಹುಡುಗಿ ಜಾಣೆ. ಋಷಿಯ ಪುಣ್ಯ. ಸ್ಟಿಕ್ಕರ್ ಅಂಟಿಸಬೇಡ, ವಿನಾಯಕ ಅವರಿಗೂ ಏನೂ ಹೇಳಬೇಡ. ಊದುಬತ್ತಿಯಿಂದ ಆ ಪಾದ್ರಿಗೇನೂ ತೊಂದರೆಯಾಗುವುದಿಲ್ಲ, ಪಿಲಾರ್ ಇದ್ದಿದ್ದರೆ ಖುಷಿಪಡುತ್ತಿದ್ದಳು.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯುತ್ತೀಯೆಂದು ಇಷ್ಟು ದಿನ ಕಾದೆ. ಇರಲಿ.

ಮದುವೆಯ ದಿನ ಮನೆಯಲ್ಲೇ ಇರುತ್ತೇನೆ. ಕೊನೆಯ ಸಾಲಿನಲ್ಲಿ ಕೂತು, ಕುಂಕುಮದ ತಟ್ಟೆ ಹತ್ತಿರ ಬಂದಾಗ ಬಾತ್‌ರೂಮಿನ ನೆಪದಲ್ಲಿ ಎದ್ದು ಹೋಗುವುದು ನನ್ನಿಂದ ಆಗುವುದಿಲ್ಲ. ನಲವತ್ತು ವರ್ಷ ಈ ದೇಶದಲ್ಲಿ ಸಾವಿನ ಪಕ್ಕ ಕೂತು ಕೆಲಸ ಮಾಡಿದವಳು ನಾನು. ಯಾರಿಗೂ ಹೆದರಲಿಲ್ಲ, ಒಂದು ತಟ್ಟೆಗೆ ಹೆದರುತ್ತಿದ್ದೇನೆ.

ಋಷಿಗೆ ನನ್ನ ಆಶೀರ್ವಾದ. ಫೋಟೋ ಕಳಿಸು, ಅಂಚೆಯಲ್ಲಿ.

ಮೀರಾ


ಕಿಂಗ್ಸ್‌ಬರಿ
೩೧ ಮೇ ೨೦೨೫, ಬೆಳಿಗ್ಗೆ

ಮೀರಾ,

ಇದನ್ನು ಅಂಚೆಯವನು ತಂದಿಲ್ಲ, ಡ್ರೈವರ್ ತಂದಿದ್ದಾನೆ. ನಿನ್ನ ಬಾಗಿಲಲ್ಲಿ ನಿಂತಿರುವುದು ಗಂಡಿನ ಕಾರು. ಹೂವಿನ ಹಾರ ನೋಡಿ ಗಾಬರಿಯಾಗಬೇಡ. ನೀನು ಹತ್ತುವವರೆಗೆ ಅಲ್ಲಾಡಕೂಡದು ಅಂತ ಹೇಳಿದ್ದೇನೆ, ಅವನು ಅಲ್ಲಾಡುವುದಿಲ್ಲ.

ನಾವು ಇಳಿದುಬಿಟ್ಟೆವು. ಗಂಡು, ಗಂಡಿನ ಅಪ್ಪ, ನಾನು, ಮೂವರೂ ಟ್ಯೂಬಿನಲ್ಲಿ ಬರುತ್ತೇವೆ. ವೆಂಬ್ಲಿ ಪಾರ್ಕಿನಲ್ಲಿ ರೈಲು ಬದಲಾಯಿಸಬೇಕು, ಋಷಿಯ ಪೇಟ ಬಾಗಿಲಿಗೆ ತಾಗದಿದ್ದರೆ ಸಾಕು. ನಮ್ಮತ್ತೆಯನ್ನು ಮುಂಚೆಯೇ ಬೀಗರ ಕಾರಿನಲ್ಲಿ ಕಳಿಸಿದ್ದೇನೆ.

ಹಿಂದಿನ ಸೀಟಿನಲ್ಲಿ ಬೆಳ್ಳಿಯ ಡಬ್ಬಿ ಇದೆ. ಅದರಲ್ಲಿ ಮಾಂಗಲ್ಯ. ಪಕ್ಕದಲ್ಲಿ ಕುಂಕುಮದ ಭರಣಿ. ಹಾಲ್‌ನಲ್ಲಿ ಬೇರೆ ತಾಳಿ ಇಲ್ಲ, ಬೇರೆ ಕುಂಕುಮವೂ ಇಲ್ಲ. ನೀನು ಬರದಿದ್ದರೆ ಈ ಮದುವೆ ಆಗಲ್ಲ. ಬಾಯಿ ಮಾತಿಗೆ ಹೇಳುತ್ತಿಲ್ಲ, ನೋಡಿಕೋ, ಡಬ್ಬಿ ನಿನ್ನ ಹತ್ತಿರವೇ ಇದೆ.

ಆ ದಿನ ತಟ್ಟೆ ನನ್ನ ಕೈಯಲ್ಲಿತ್ತು. ಇವತ್ತು ನಿನ್ನ ಕೈಯಲ್ಲಿರಲಿ. ನಾನು ಬರೆಯಬೇಕಾಗಿದ್ದ ಉತ್ತರ ಇದೇ, ಬರೆಯೋಕೆ ಬರಲಿಲ್ಲ.

ಸ್ಟೀಲ್ ಡಬ್ಬಿಯಲ್ಲಿ ಬುತ್ತಿ ಇಟ್ಟಿದ್ದೇನೆ, ಮೊಸರನ್ನ, ನಿನಗೆ ಸೇರುವ ಹಾಗೆ ಮೆಣಸಿನಕಾಯಿ ಹುರಿದು ಹಾಕಿದ್ದೇನೆ. ಬೆಳಿಗ್ಗೆಯಿಂದ ನೀನು ಏನೂ ತಿಂದಿರಲ್ಲ, ನನಗೆ ಗೊತ್ತು. ಬಾರೇ.

ನಿನ್ನ
ಕಾಮೂ


ಹೇಸ್
೨ ಜೂನ್ ೨೦೨೫

ಪ್ರಿಯ ಕಾಮೂ,

ಮೊನ್ನೆಯ ಗಲಾಟೆಯಲ್ಲಿ ನಾವಿಬ್ಬರೂ ಕೂತು ಮಾತಾಡಲು ಆಗಲೇ ಇಲ್ಲ. ನೀವು ಬರುವ ಮುಂಚೆ ನಡೆದದ್ದನ್ನು ನೀನು ನೋಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಚೀಟಿ ಓದಿ ಮೊದಲು ನಿನ್ನನ್ನು ಬಾಯಿ ತುಂಬ ಬೈದೆ. ಮಗನ ತಾಳಿಯನ್ನು ಹೀಗೆ ಊರ ಮೇಲೆ ಕಳಿಸುವವಳು ನೀನೊಬ್ಬಳೇ. ಎಂಥ ಧೈರ್ಯ ಅದು! ಡ್ರೈವರ್ ಪಾಪ ನನ್ನ ಬೈಗುಳವನ್ನು ತನಗೇ ಅಂದುಕೊಂಡು ಕ್ಷಮೆ ಕೇಳಿದ. ಕಾರು ಹತ್ತಿದೆ. ಸೀಟಿನ ಮೇಲೆ ಡಬ್ಬಿ ಜಾರುತ್ತಿತ್ತು, ತಿರುವಿನಲ್ಲಿ ಬಿದ್ದರೆ ಗತಿಯೇನೆಂದು ಎತ್ತಿ ಎದೆಗವಚಿಕೊಂಡೆ. ಮೊಸರನ್ನ ತಿನ್ನಲು ಕೈ ಬಿಡುವೇ ಇರಲಿಲ್ಲ. ಹೇಸ್‌ನಿಂದ ಅಕ್ಸ್‌ಬ್ರಿಡ್ಜ್‌ವರೆಗೆ ಬಸ್ ಸ್ಟಾಪಿನ ಜನ ನನಗೆ ಕೈ ಬೀಸಿದರು, ಈ ವಯಸ್ಸಿನ ಮದುಮಗಳನ್ನು ನೋಡಿ.

ಹಾಲ್‌ನ ಮುಂದೆ ಕಾರು ನಿಲ್ಲುತ್ತಿದ್ದಂತೆ ಮಳೆ ಹನಿ ಶುರುವಾಯಿತು. ಸ್ಪೀಕರಿನಲ್ಲಿ ನಾದಸ್ವರ ಮೊಳಗಿತು. ವಿನಾಯಕ ಅವರು ಗಂಡು ಬಂದನೆಂದು ಕಾಶೀಯಾತ್ರೆಯ ಜರಿ ಅಂಚಿನ ಬಿಳಿ ಛತ್ರಿ ಬಿಡಿಸಿಕೊಂಡು ಓಡಿ ಬಂದರು. ಬಾಗಿಲು ತೆರೆದರೆ ಒಳಗಿನಿಂದ ನಾನು ಇಳಿದೆ! ಆರತಿ ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಹಾಗೇ ತಿರುಗಿ ಕಾರು ಹತ್ತಿಬಿಡಬೇಕು ಅನ್ನಿಸಿತು.

"ಗಂಡು ಎಲ್ಲಿ ಮೇಡಂ?" ಅಂದರು ವಿನಾಯಕ.

"ಟ್ಯೂಬಿನ್ಯಾಗ ಬರ್ಲಿಕತ್ತಾನ್ರೀ. ತಾಳಿ ನನ್ನ ಕಡೆ ಅದ" ಅಂದೆ. ಗಾಬರಿಗೆ ಧಾರವಾಡದ ಮಾತೇ ಬಂತು.

ಆ ಮನುಷ್ಯನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ತಾಳಿ ಅನ್ನುವುದೊಂದು ಕಿವಿಗೆ ಬಿದ್ದದ್ದೇ ಛತ್ರಿಯನ್ನು ನನ್ನ ತಲೆಯ ಮೇಲೆ ಹಿಡಿದು, "ದಾರಿ ಬಿಡಿ, ದಾರಿ ಬಿಡಿ, ಮಾಂಗಲ್ಯ ಬರ್ತಾ ಇದೆ!" ಅಂತ ಕೂಗಿದರು. ಜನ ಎರಡೂ ಕಡೆ ಸರಿದರು. ಯಾರೋ ಕೈ ಮುಗಿದರು. ಒಳಗೆ ಪುರೋಹಿತರು ಗಣಪತಿ ಪೂಜೆಯ ಗಂಟೆ ಬಾರಿಸುತ್ತಿದ್ದರು. ಹಾಲ್‌ನ ಗಾಜಿನ ಬಾಗಿಲಲ್ಲಿ ನನ್ನನ್ನು ನಾನು ನೋಡಿದೆ ಕಾಮೂ. ಡಬ್ಬಿ ನೆನೆಯದಿರಲೆಂದು ಅದರ ಮೇಲೆ ಸೆರಗು ಎಳೆದುಕೊಂಡಿದ್ದೆ. ತಲೆಯ ಮೇಲೆ ಬಿಳಿ ಛತ್ರಿ, ಎದೆಯ ಮೇಲೆ ಮುಚ್ಚಿದ ಎರಡು ಕೈ. ನೆತ್ತಿ ಬೋಳಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ನಗು ಬಂತು, ಅಳುವೂ ಬಂತು, ಯಾವುದನ್ನೂ ತಡೆಯಲಿಲ್ಲ.

ನಿಮ್ಮತ್ತೆ ಬಾಗಿಲ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿದ್ದರು. ನನ್ನ ಕೈ ನೋಡಿದರು, ಮುಖ ನೋಡಿದರು. "ನೆನೆದುಬಿಟ್ಟಿದೀಯಲ್ಲೇ, ಒಳಗೆ ಬಾ" ಅಂದರು. ನಾನು ಡಬ್ಬಿಯನ್ನು ಪುರೋಹಿತರಿಗೆ ಒಪ್ಪಿಸಿ, ಬಾಗಿಲಿಗೆ ಬಂದು, ಭರಣಿಯ ಮುಚ್ಚಳ ತೆಗೆದು ಮೊದಲು ಅವರ ಮುಂದೆಯೇ ಹಿಡಿದೆ. "ನಂಗ್ಯಾಕೇ?" ಅಂದರು. "ನಿಮ್ಮ ಮೊಮ್ಮಗನ ಮದುವಿ ಅಲ್ಲೇನ್ರಿ" ಅಂದೆ. ಒಂದು ಚಿಟಿಕೆ ತೆಗೆದುಕೊಂಡರು. ಹಣೆಗೆ ಇಟ್ಟುಕೊಳ್ಳಲಿಲ್ಲ. ಧಾರೆ ಮುಗಿಯುವವರೆಗೂ ಆ ಚಿಟಿಕೆಯನ್ನು ಬೆರಳ ನಡುವೆ ಹಿಡಿದುಕೊಂಡೇ ಕೂತಿದ್ದರು, ಎಲ್ಲಿ ಇಡಬೇಕೆಂದು ತಿಳಿಯದೆ. ನೀನು ಹಸೆಯ ಹತ್ತಿರ ಇದ್ದೆ, ನೋಡಿರಲಾರೆ.

ನೀವು ಸ್ಟೇಷನ್ನಿನಿಂದ ನಡೆದು ಬಂದದ್ದು ನನಗೆ ಸಾಯುವವರೆಗೆ ನೆನಪಿರುತ್ತದೆ. ಪೇಟ ಓರೆಯಾದ ಋಷಿ, ಪಂಚೆ ಎತ್ತಿ ಹಿಡಿದ ನಿಮ್ಮೆಜಮಾನರು, ಹಿಂದೆ ನೀನು, ನೀಲಿ ರೇಷ್ಮೆಯ ಅಂಚೆಲ್ಲ ಕೆಸರು. ನೀಲಿಯನ್ನೇ ಉಟ್ಟಿದ್ದೆಯಲ್ಲ, ಬೇಕೆಂದೇ ಉಟ್ಟೆಯಾ? ಕೇಳಬೇಕೆಂದಿದ್ದೆ. ನೀನು ನನ್ನ ಮುಂದೆ ಬಂದು ಹಣೆ ಒಡ್ಡಿದೆ. ನಾನು ತೆಗೆದ ಚಿಟಿಕೆ ದೊಡ್ಡದಾಗಿ ಕುಂಕುಮ ನಿನ್ನ ಮೂಗಿನ ಮೇಲೆಲ್ಲ ಉದುರಿತು. ಫೋಟೋಗಳಲ್ಲಿ ಹಾಗೇ ಬಂದಿರುತ್ತದೆ. ಯಾವುದನ್ನೂ ಅಳಿಸಬೇಡ.

ನಿನ್ನ ನಂಬರನ್ನು ಅನ್‌ಬ್ಲಾಕ್ ಮಾಡಿದ್ದೇನೆ. ಹಾಗಂತ ಕಾಗದ ನಿಲ್ಲಿಸಬೇಡ.

ಒಂದು ಮಾತು ಉಳಿದಿದೆ. ಮದುವೆಯ ದಿನ ಮನೆಯಲ್ಲೇ ಇರುತ್ತೇನೆ ಅಂತ ಬರೆದಿದ್ದೆ, ಇದ್ದೆ ಕೂಡ. ಆದರೆ ಡ್ರೈವರ್ ಬೆಲ್ ಒತ್ತಬೇಕಾಗಿ ಬರಲಿಲ್ಲ. ಬೆಳಗಾಗುತ್ತಲೇ ಇಳಕಲ್ ಸೀರೆ ಉಟ್ಟು ತಯಾರಾಗಿ, ಮೇಲಿನ ಕಿಟಕಿ ಅರ್ಧ ತೆರೆದುಕೊಂಡು, ಬೀದಿಯ ತಿರುವನ್ನೇ ನೋಡುತ್ತ ನಿಂತಿದ್ದೆ.

ನಿನ್ನ
ಮೀರಾ